ಸೆನ್ಸರ್ ಇದ್ದರೆ ಬೆರಳು ಸೇಫ್ ಎನ್ನುವುದು ನಿಜವೇ? ಹೈನ್ರಿಕ್ ಹರ್ಟ್ಜ್ ಬದುಕಿನಿಂದ ಶುರುವಾಗುವ ಉತ್ತರ

ಪವರ್ ಪ್ರೆಸ್ ಮೇಲೆ ಕೆಲಸ ಮಾಡುವ ಓದುಗರೊಬ್ಬರು ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಫಾರ್ವರ್ಡ್ ಅನ್ನು ನಮಗೆ ಕಳಿಸಿ, ಇದು ನಿಜವೇ ಎಂದು ಕೇಳಿದ್ದರು. ಅದರಲ್ಲಿ ಎರಡು ಮಾತುಗಳಿದ್ದವು. ಒಂದು, ಬೆಳಕು ಬಿದ್ದಾಗ ವಿದ್ಯುತ್ತಿನಲ್ಲಿ ಆಗುವ ಬದಲಾವಣೆಯನ್ನು ಮೊದಲು ಕಂಡವರು ಐನ್‌ಸ್ಟೈನ್. ಎರಡು, ಕೈ ಅಡ್ಡ ಬಂದರೆ ಗುರುತಿಸುವ ಯಾವುದಾದರೂ ಅಗ್ಗದ ಸೆನ್ಸರ್ ಹಾಕಿದರೆ ಸಾಕು, ಪ್ರೆಸ್‌ನಲ್ಲಿ ಬೆರಳು ಹೋಗುವ ಭಯವಿಲ್ಲ.

ಮೊದಲನೆಯದನ್ನು ನಂಬಿದರೆ ಪರೀಕ್ಷೆಯಲ್ಲಿ ಒಂದು ಅಂಕ ಹೋಗಬಹುದು. ಎರಡನೆಯದನ್ನು ನಂಬಿದರೆ ಬೆರಳೇ ಹೋಗಬಹುದು. ನಾವು ಪರಿಶೀಲಿಸಿದಾಗ ಎರಡೂ ತಪ್ಪು ಎಂದು ತಿಳಿಯಿತು. ಎರಡಕ್ಕೂ ಉತ್ತರ ಹುಡುಕುತ್ತಾ ಹೋದರೆ ಮೊದಲು ಸಿಗುವುದು ಒಬ್ಬರದೇ ಹೆಸರು. ಅವರು ಹೈನ್ರಿಕ್ ಹರ್ಟ್ಜ್. ರೇಡಿಯೋದಲ್ಲಿ ಮೆಗಾಹರ್ಟ್ಜ್ ಎಂದು ಕೇಳುತ್ತೇವಲ್ಲ, ಅದೇ ಹರ್ಟ್ಜ್.

ಲೇತ್ ಕಲಿತ ವಕೀಲರ ಮಗ

ಹರ್ಟ್ಜ್ ಹುಟ್ಟಿದ್ದು 1857ರ ಫೆಬ್ರವರಿ 22ರಂದು, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ತಂದೆ ಗುಸ್ಟಾವ್ ವಕೀಲರು, ಮುಂದೆ ಆ ನಗರದ ಸೆನೆಟರ್ ಆದವರು. ಅನುಕೂಲಸ್ಥ ಮನೆತನವಾದರೂ ಹುಡುಗನಿಗೆ ಕೈಕೆಲಸದ ಮೇಲೆ ಬಹಳ ಪ್ರೀತಿ. ಲೇತ್ ಮೇಲೆ ಕೆಲಸ ಕಲಿತ, ತಾಂತ್ರಿಕ ಚಿತ್ರ ಬರೆಯುವುದನ್ನೂ ಕಲಿತ. ಮೊದಲು ಇಂಜಿನಿಯರ್ ಆಗಬೇಕೆಂದೇ ಹೊರಟವರು, ಮ್ಯೂನಿಕ್‌ಗೆ ಬಂದ ಮೇಲೆ ಭೌತಶಾಸ್ತ್ರದ ಕಡೆಗೆ ತಿರುಗಿದರು. ನಂತರ ಬರ್ಲಿನ್‌ಗೆ ಹೋಗಿ, ಆ ಕಾಲದ ದೊಡ್ಡ ವಿಜ್ಞಾನಿ ಹೆಲ್ಮ್‌ಹೋಲ್ಟ್ಜ್ ಅವರ ಶಿಷ್ಯರಾದರು. 1880ರಲ್ಲಿ ಡಾಕ್ಟರೇಟ್ ಪಡೆದಾಗ ಅವರಿಗೆ 23 ವರ್ಷ. 1885ರಲ್ಲಿ ಕಾರ್ಲ್ಸ್‌ರೂಹೆಯ ತಾಂತ್ರಿಕ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಮರುವರ್ಷ ಸಹೋದ್ಯೋಗಿಯೊಬ್ಬರ ಮಗಳು ಎಲಿಜಬೆತ್ ಡಾಲ್ ಅವರನ್ನು ಮದುವೆಯಾದರು.

ಕತ್ತಲ ಪೆಟ್ಟಿಗೆಯಲ್ಲಿ ಕಂಡಿದ್ದು

ಹರ್ಟ್ಜ್ ಹುಡುಕುತ್ತಿದ್ದುದು ಬೇರೆಯದನ್ನು. ವಿದ್ಯುತ್ಕಾಂತೀಯ ಅಲೆಗಳು ಇರಬೇಕೆಂದು ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿ ಹೇಳಿದ್ದರು, ಆದರೆ ಅವನ್ನು ತೋರಿಸಿಕೊಟ್ಟವರು ಯಾರೂ ಇರಲಿಲ್ಲ. ಹರ್ಟ್ಜ್ ಒಂದು ಕಡೆ ದೊಡ್ಡ ಕಿಡಿ ಹಾರಿಸಿ, ದೂರದಲ್ಲಿಟ್ಟ ತಂತಿಯ ಸಣ್ಣ ಸಂದಿನಲ್ಲಿ ಪ್ರತಿಯಾಗಿ ಪುಟ್ಟ ಕಿಡಿ ಹಾರುತ್ತದೆಯೇ ಎಂದು ನೋಡುತ್ತಿದ್ದರು.

ಆ ಕಿಡಿ ಕಣ್ಣಿಗೆ ಕಾಣುವುದೇ ಕಷ್ಟ. ಚೆನ್ನಾಗಿ ಕಾಣಲೆಂದು 1887ರಲ್ಲಿ ಅದನ್ನು ಒಂದು ಕತ್ತಲ ಪೆಟ್ಟಿಗೆಯೊಳಗೆ ಇಟ್ಟರು. ಆಗ ಕಿಡಿ ಇನ್ನೂ ಚಿಕ್ಕದಾಯಿತು! ಬೇರೆಯವರಾಗಿದ್ದರೆ ಪೆಟ್ಟಿಗೆಯನ್ನು ತೆಗೆದು ಪಕ್ಕಕ್ಕಿಟ್ಟು ಮುಂದಿನ ಕೆಲಸ ನೋಡುತ್ತಿದ್ದರೇನೋ. ಹರ್ಟ್ಜ್ ಪೆಟ್ಟಿಗೆಯ ಭಾಗಗಳನ್ನು ಒಂದೊಂದಾಗಿ ತೆಗೆದು ನೋಡಿದರು. ದೊಡ್ಡ ಕಿಡಿಯ ಕಡೆಗಿದ್ದ ಫಲಕ ಮಾತ್ರ ಈ ವ್ಯತ್ಯಾಸಕ್ಕೆ ಕಾರಣವಾಗಿತ್ತು. ಗಾಜು ಅಡ್ಡ ಇಟ್ಟರೂ ಕಿಡಿ ಚಿಕ್ಕದಾಗುತ್ತಿತ್ತು, ಸ್ಫಟಿಕ ಶಿಲೆ ಇಟ್ಟರೆ ಹಾಗಾಗುತ್ತಿರಲಿಲ್ಲ. ಗಾಜು ತಡೆದು ಸ್ಫಟಿಕ ಬಿಡುವುದು ಅತಿನೇರಳೆ ಬೆಳಕನ್ನು. ಅಂದರೆ ದೊಡ್ಡ ಕಿಡಿಯಿಂದ ಬರುವ ಆ ಕಣ್ಣಿಗೆ ಕಾಣದ ಬೆಳಕು, ಸಣ್ಣ ಕಿಡಿ ಹಾರಲು ನೆರವಾಗುತ್ತಿತ್ತು.

ಇದನ್ನೇ ಇಂದು ದ್ಯುತಿವಿದ್ಯುತ್ ಪರಿಣಾಮ ಎನ್ನುತ್ತೇವೆ. ಹರ್ಟ್ಜ್ ಇದಕ್ಕಾಗಿ ತಿಂಗಳುಗಟ್ಟಲೆ ಕೆಲಸ ಮಾಡಿದರು. ಏಕೆ ಹೀಗಾಗುತ್ತದೆ ಎಂದು ಊಹಿಸಲು ಹೋಗದೆ, ಕಂಡದ್ದನ್ನು ಕಂಡಂತೆ ಬರೆದು ಪ್ರಕಟಿಸಿದರು. ನಂತರ ತಮ್ಮ ಅಲೆಗಳ ಹುಡುಕಾಟಕ್ಕೆ ಮರಳಿ, 1888ರಲ್ಲಿ ಅದರಲ್ಲೂ ಗೆದ್ದರು.

ಹಾಗಾದರೆ ಐನ್‌ಸ್ಟೈನ್ ಮಾಡಿದ್ದೇನು?

ಹರ್ಟ್ಜ್ ಬಿಟ್ಟ ದಾರಿಯಲ್ಲಿ ಮೊದಲು ಹಾಲ್‌ವಾಕ್ಸ್, ಮುಂದೆ ಹರ್ಟ್ಜ್ ಅವರಿಗೇ ಸಹಾಯಕರಾಗಿದ್ದ ಲೆನಾರ್ಡ್ ಪ್ರಯೋಗ ಮುಂದುವರಿಸಿದರು. ಹೀಗೇಕಾಗುತ್ತದೆ ಎಂಬುದಕ್ಕೆ 1905ರಲ್ಲಿ ವಿವರಣೆ ಕೊಟ್ಟವರು ಐನ್‌ಸ್ಟೈನ್. ಅವರ 1921ರ ನೊಬೆಲ್ ಬಹುಮಾನದಲ್ಲಿ ವಿಶೇಷವಾಗಿ ಹೆಸರಿಸಿದ್ದು ಈ ಕೆಲಸವನ್ನು, ಹಲವರು ತಿಳಿದಿರುವಂತೆ ಸಾಪೇಕ್ಷತಾ ಸಿದ್ಧಾಂತವನ್ನಲ್ಲ. ಆದ್ದರಿಂದ ಕಂಡವರು ಹರ್ಟ್ಜ್, ವಿವರಿಸಿದವರು ಐನ್‌ಸ್ಟೈನ್.

36ಕ್ಕೇ ಮುಗಿದ ಬದುಕು

ಆ ವಿವರಣೆಯನ್ನು ನೋಡಲು ಹರ್ಟ್ಜ್ ಉಳಿದಿರಲಿಲ್ಲ. 1889ರಲ್ಲಿ ಬಾನ್ ವಿಶ್ವವಿದ್ಯಾಲಯಕ್ಕೆ ಬಂದ ಅವರಿಗೆ 1892ರಿಂದ ತೀವ್ರ ತಲೆನೋವು, ಸೋಂಕು ಕಾಡತೊಡಗಿದವು. ಹಲವು ಶಸ್ತ್ರಚಿಕಿತ್ಸೆಗಳಾದರೂ ಗುಣವಾಗಲಿಲ್ಲ. ಆಗ ಆ್ಯಂಟಿಬಯಾಟಿಕ್‌ಗಳು ಇರಲಿಲ್ಲ. 1894ರ ಜನವರಿ 1ರಂದು ಅವರು ತೀರಿಕೊಂಡರು. 37 ತುಂಬಲು ಇನ್ನೂ ಎರಡು ತಿಂಗಳೂ ಇರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಚಿಕ್ಕವರು, ಎರಡನೆಯವಳು ಮಟಿಲ್ಡೆಗೆ ಆಗಿನ್ನೂ ಮೂರು ವರ್ಷವೂ ತುಂಬಿರಲಿಲ್ಲ.

ಹರ್ಟ್ಜ್ ತಂದೆಯ ಕಡೆಯವರು ಯಹೂದಿ ಮೂಲದವರು. ಜೀವವಿಜ್ಞಾನಿಯಾಗಿ ಬೆಳೆದ ಮಟಿಲ್ಡೆ ನಾಜಿಗಳ ಕಾಲದಲ್ಲಿ ಅದೇ ಕಾರಣಕ್ಕೆ ಕೆಲಸ ಕಳೆದುಕೊಂಡರು. ತಾಯಿ, ಮಕ್ಕಳು 1930ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಬೇಕಾಯಿತು. ಆವರ್ತನದ ಅಳತೆಗೆ ಮಾತ್ರ ಹರ್ಟ್ಜ್ ಹೆಸರು ಹಾಗೇ ಉಳಿಯಿತು.

ಅಲ್ಲಿಂದ ಪ್ರೆಸ್‌ವರೆಗೆ

ಒಂದು ತುದಿಯಿಂದ ಬೆಳಕು, ಇನ್ನೊಂದು ತುದಿಯಲ್ಲಿ ಅದನ್ನು ಪಡೆಯುವ ಸಾಧನ, ನಡುವೆ ಏನಾದರೂ ಅಡ್ಡ ಬಂದರೆ ವಿದ್ಯುತ್ತಿನಲ್ಲಿ ಬದಲಾವಣೆ. ಕಾರ್ಖಾನೆಯ ಫೋಟೋ ಸೆನ್ಸರ್ ಕೆಲಸ ಮಾಡುವುದು ಹೀಗೆಯೇ. ಇಂದಿನ ಸೆನ್ಸರ್‌ಗಳಲ್ಲಿರುವುದು ಲೋಹದ ತುಂಡಲ್ಲ, ಅರೆವಾಹಕದ ಚಿಪ್. ಅದರಲ್ಲಿ ನಡೆಯುವುದು ಹರ್ಟ್ಜ್ ಕಂಡ ಪರಿಣಾಮದ ಹತ್ತಿರದ ನೆಂಟ ಎನ್ನಬಹುದು. 1950ರ ದಶಕದ ಆರಂಭದಲ್ಲಿ ಜರ್ಮನಿಯ ಎರ್ವಿನ್ ಸಿಕ್ ಎಂಬ ಇಂಜಿನಿಯರ್, ಯಂತ್ರದ ಮುಂದೆ ಬೆಳಕಿನ ಪರದೆ ಕಟ್ಟಿ ಕೈ ಉಳಿಸುವ ಸಾಧನ ತಂದರು. ಅದೇ ಲೈಟ್ ಕರ್ಟನ್.

ಸೆನ್ಸರ್ ಬೇರೆ, ಲೈಟ್ ಕರ್ಟನ್ ಬೇರೆ

ಎರಡೂ ನೋಡಲು ಒಂದೇ ಜಾತಿ. ಆದರೆ ಮಾಮೂಲಿ ಫೋಟೋ ಸೆನ್ಸರ್‌ನ ಕೆಲಸ ವಸ್ತುವನ್ನು ಗುರುತಿಸುವುದು. ಬೆಲ್ಟ್ ಮೇಲೆ ಬಾಟಲಿ ಬಂತೇ, ಡಬ್ಬಿ ಎಷ್ಟಾಯಿತು ಎಂದು ನೋಡುವುದು. ಅದು ಕೆಟ್ಟರೆ ಒಂದು ಬಾಟಲಿ ಲೆಕ್ಕ ತಪ್ಪುತ್ತದೆ. ಅದರ ಔಟ್‌ಪುಟ್ ಅಡ್ಡ ಏನೂ ಇಲ್ಲ ಎಂಬ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಪ್ರೆಸ್ ಓಡುತ್ತಲೇ ಇರುತ್ತದೆ. ಜೊತೆಗೆ ಒಂದೇ ಕಿರಣವಾದರೆ ಅದರ ಮೇಲಿಂದಲೋ ಕೆಳಗಿನಿಂದಲೋ ಕೈ ಹೋಗಬಹುದು.

ಸುರಕ್ಷತಾ ಲೈಟ್ ಕರ್ಟನ್‌ನಲ್ಲಿ ಸಾಲಾಗಿ ಹಲವು ಇನ್‌ಫ್ರಾರೆಡ್ ಕಿರಣಗಳಿರುತ್ತವೆ. ಐಇಸಿ 61496 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಟೈಪ್ 4 ದರ್ಜೆಯದು ತನ್ನನ್ನು ತಾನೇ ಸದಾ ಪರೀಕ್ಷಿಸಿಕೊಳ್ಳುತ್ತದೆ. ಒಳಗೆ ದೋಷ ಬಂದರೆ ಯಂತ್ರ ನಿಲ್ಲಿಸುವ ಸೂಚನೆಯನ್ನೇ ಕೊಡುತ್ತದೆ. ಆ ಸೂಚನೆ ಎರಡು ಪ್ರತ್ಯೇಕ ದಾರಿಗಳಲ್ಲಿ ಹೋಗುವುದರಿಂದ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಬೆಲೆ ಹೆಚ್ಚಿರುವುದು ಇದಕ್ಕೇ.

ಆದರೆ ಲೈಟ್ ಕರ್ಟನ್ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಈ ನಾಲ್ಕು ವಿಷಯ ನೋಡಲೇಬೇಕು.

1. ದೂರ: ಯಂತ್ರ ನಿಲ್ಲಲು ಸಮಯ ಬೇಕು. ಲೆಕ್ಕಕ್ಕೆ ಕೈಯ ವೇಗ ಸೆಕೆಂಡಿಗೆ 2000 ಮಿಲಿಮೀಟರ್ ಎಂದು ಹಿಡಿಯೋಣ. ಕಿರಣ ತುಂಡಾದಾಗಿನಿಂದ ಪ್ರೆಸ್ ಪೂರ್ತಿ ನಿಲ್ಲಲು 0.2 ಸೆಕೆಂಡ್ ಬೇಕಾದರೆ, ಅಷ್ಟರಲ್ಲಿ ಕೈ 400 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಕರ್ಟನ್ ಇದಕ್ಕಿಂತ ಹತ್ತಿರವಿದ್ದರೆ ಪ್ರಯೋಜನವಿಲ್ಲ. ಬ್ರೇಕ್ ಸವೆದಂತೆ ನಿಲ್ಲುವ ಸಮಯ ಹೆಚ್ಚುತ್ತದೆ, ಆದ್ದರಿಂದ ಆಗಾಗ ಅಳೆಯಬೇಕು.

2. ಕಿರಣಗಳ ನಡುವಿನ ಸಂದು: ಬೆರಳು ಗುರುತಿಸಲು 14 ಮಿಲಿಮೀಟರ್, ಅಂಗೈ ಗುರುತಿಸಲು ಸುಮಾರು 30 ಮಿಲಿಮೀಟರ್ ಸಾಮರ್ಥ್ಯದ್ದು ಬಳಸುತ್ತಾರೆ. ಸಂದು ದೊಡ್ಡದಾದಷ್ಟೂ ಕರ್ಟನ್ ಅನ್ನು ಇನ್ನೂ ದೂರ ಇಡಬೇಕು.

3. ಯಂತ್ರದ ಬಗೆ: ಹಳೆಯ ಕೆಲವು ಮೆಕ್ಯಾನಿಕಲ್ ಪ್ರೆಸ್‌ಗಳು ಒಮ್ಮೆ ಇಳಿಯಲು ಶುರುವಾದರೆ ಸುತ್ತು ಮುಗಿಯುವವರೆಗೆ ನಿಲ್ಲುವುದಿಲ್ಲ. ಅಂಥವಕ್ಕೆ ಲೈಟ್ ಕರ್ಟನ್ ಕೂಡ ರಕ್ಷಣೆಯಲ್ಲ, ಗಟ್ಟಿಯಾದ ಗಾರ್ಡ್ ಬೇಕು.

4. ಚೂರು ಸಿಡಿಯುವ ಯಂತ್ರ: ಬೆಳಕು ಕೈಯನ್ನು ಗುರುತಿಸಬಲ್ಲದು, ಹಾರಿ ಬರುವ ಲೋಹದ ಚೂರನ್ನು ತಡೆಯಲಾರದು. ಅಲ್ಲೂ ಗಾರ್ಡ್ ಬೇಕು.

ಕೊನೆಗೆ ಸತ್ಯವೇನು?

ಬಾಟಲಿ ಎಣಿಸಲು ಫೋಟೋ ಸೆನ್ಸರ್ ಸಾಕು. ಮನುಷ್ಯರ ಕೈ ಹೋಗುವ ಜಾಗಕ್ಕೆ ಸುರಕ್ಷತೆಗೆಂದೇ ಪ್ರಮಾಣೀಕರಿಸಿದ ಸಾಧನವೇ ಬೇಕು, ಅದನ್ನು ತಿಳಿದವರೇ ಅಳೆದು ಕೂಡಿಸಬೇಕು. ನೀವು ಪ್ರೆಸ್ ಮೇಲೆ ಕೆಲಸ ಮಾಡುವವರಾದರೆ ಸೂಪರ್‌ವೈಸರ್ ಬಳಿ ಮೂರು ಪ್ರಶ್ನೆ ಕೇಳಿ. ಇದು ಯಾವ ಟೈಪ್‌ನದು? ನಿಲ್ಲುವ ಸಮಯ ಕೊನೆಯ ಸಲ ಅಳೆದದ್ದು ಯಾವಾಗ? ಶಿಫ್ಟ್ ಶುರುವಾಗುವಾಗ ಟೆಸ್ಟ್ ರಾಡ್ ಹಿಡಿದು ಪರೀಕ್ಷಿಸುತ್ತಾರೆಯೇ? ಪರೀಕ್ಷಿಸಲು ನಿಮ್ಮ ಕೈಯನ್ನು ಮಾತ್ರ ಎಂದೂ ಒಡ್ಡಬೇಡಿ.

ಕಿಡಿ ಚಿಕ್ಕದಾದದ್ದು ಏಕೆ ಎಂದು ಹರ್ಟ್ಜ್ ಪೆಟ್ಟಿಗೆಯ ಒಂದೊಂದು ಭಾಗವನ್ನೂ ತೆಗೆದು ನೋಡಿದ್ದರು. ಹಸಿರು ದೀಪ ಉರಿಯುತ್ತಿದೆ, ಸೆನ್ಸರ್ ಸರಿಯಿದೆ ಎಂದು ನಂಬುವ ಮೊದಲು ನಾವೂ ಅಷ್ಟು ತಾಳ್ಮೆ ತೋರಿಸೋಣ. ಆ ಹಳೆಯ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿದ್ದರೆ, ಅದರ ಕೆಳಗೆ ಇದನ್ನು ಹಾಕಿ.