ಆಯಸ್ಕಾಂತ ಇಟ್ಟರೆ ಸಾಕು, ಬಲ್ಬ್ ಉರಿಯುತ್ತದೆಯೇ? ಫ್ಯಾರಡೆ 1831ರಲ್ಲೇ ಕೊಟ್ಟ ಉತ್ತರ

ತಾಮ್ರದ ತಂತಿಯ ಸುರುಳಿಯೊಳಗೆ ಆಯಸ್ಕಾಂತ ಇಟ್ಟರೆ ಬಲ್ಬ್ ಸದಾ ಉರಿಯುತ್ತದೆ, ಕರೆಂಟ್ ಬಿಲ್ ಬೇಡ ಎನ್ನುವ ವಿಡಿಯೋ ನಿಮಗೂ ಬಂದಿರಬಹುದು. ಇದು ಸುಳ್ಳು. ಯಾಕೆಂದು ತೋರಿಸಿದವರು ಮೈಕೆಲ್ ಫ್ಯಾರಡೆ.

ಯಾರು ಈ ಫ್ಯಾರಡೆ?
1791ರ ಸೆಪ್ಟೆಂಬರ್ 22ರಂದು ಲಂಡನ್ ಬಳಿ ಬಡ ಕಮ್ಮಾರನ ಮಗನಾಗಿ ಹುಟ್ಟಿದರು. ಶಾಲೆ ಕಲಿತದ್ದು ಕಡಿಮೆ. 14ನೇ ವಯಸ್ಸಿಗೆ ಪುಸ್ತಕ ಬೈಂಡಿಂಗ್ ಕೆಲಸಕ್ಕೆ ಸೇರಿ, ಅಲ್ಲಿಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತರು. 1812ರಲ್ಲಿ ಹಂಫ್ರಿ ಡೇವಿ ಅವರ ಉಪನ್ಯಾಸ ಕೇಳಿ, ಟಿಪ್ಪಣಿಗಳನ್ನು ಬೈಂಡ್ ಮಾಡಿ ಅವರಿಗೇ ಕಳಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರ ಸಹಾಯಕರಾದರು.

ಕಂಡದ್ದೇನು?
1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ, ಒಂದಕ್ಕೆ ಬ್ಯಾಟರಿ ಜೋಡಿಸಿದರು. ಇನ್ನೊಂದಕ್ಕೆ ಜೋಡಿಸಿದ್ದ ಮುಳ್ಳು ಒಮ್ಮೆ ಅಲುಗಿ ನಿಂತಿತು. ಬ್ಯಾಟರಿ ತೆಗೆದಾಗ ಎದುರು ದಿಕ್ಕಿಗೆ ಅಲುಗಿತು. ನಡುವೆ ಏನೂ ಇಲ್ಲ. ಅಕ್ಟೋಬರ್‌ನಲ್ಲಿ ಸುರುಳಿಯೊಳಗೆ ಆಯಸ್ಕಾಂತ ಆಡಿಸಿದಾಗಲೂ ಹಾಗೆಯೇ. ಅಂದರೆ ಕರೆಂಟ್ ಹುಟ್ಟಿಸುವುದು ಬರೀ ಆಯಸ್ಕಾಂತವಲ್ಲ, ಬದಲಾವಣೆ. ಆಯಸ್ಕಾಂತವನ್ನು ಆಡಿಸಲು ಯಾರಾದರೂ ಶ್ರಮ ಪಡಲೇಬೇಕು. ಗದಗದ ಕಪ್ಪತಗುಡ್ಡದ ಕಡೆಯ ವಿಂಡ್‌ಮಿಲ್‌ಗಳಲ್ಲಿ ಆ ಕೆಲಸ ಗಾಳಿಯದು.

ನಿಮ್ಮ ಚಾರ್ಜರ್‌ಗೂ ಇದಕ್ಕೂ ಏನು ಸಂಬಂಧ?
ಕಾರಿನ 12 ವೋಲ್ಟ್ ಅನ್ನು ಮೊಬೈಲ್‌ಗೆ 5 ವೋಲ್ಟ್‌ಗೆ ಇಳಿಸುವುದು ಬಕ್ ಕನ್ವರ್ಟರ್. ಅದರ ಸಿಂಕ್ರೊನಸ್ ಮಾದರಿಯಲ್ಲಿ ಎರಡು ಮಾಸ್‌ಫೆಟ್‌ಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ಸರದಿಯಂತೆ ಆನ್-ಆಫ್ ಆಗುತ್ತವೆ. ಸುರುಳಿ ಕರೆಂಟಿನ ಏರಿಳಿತವನ್ನು ತಡೆದು ಸಮ ಮಾಡುತ್ತದೆ. ಸುರುಳಿಯ ಈ ಗುಣವನ್ನು ಅಮೆರಿಕದ ಜೋಸೆಫ್ ಹೆನ್ರಿ 1832ರಲ್ಲಿ ಪ್ರಕಟಿಸಿದರು, ಫ್ಯಾರಡೆಯೂ 1834ರಲ್ಲಿ ಪರೀಕ್ಷಿಸಿದರು.

ಎರಡೂ ಮಾಸ್‌ಫೆಟ್ ಒಟ್ಟಿಗೆ ಆನ್ ಆದರೆ ಶಾರ್ಟ್ ಆಗಿ ಸುಡುತ್ತವೆ. ಅದಕ್ಕೇ ನಡುವೆ ಚಿಕ್ಕ ಬಿಡುವು ಇರಬೇಕು. ದೋಷ ಹುಡುಕುವಾಗ ಮೊದಲು ಇನ್‌ಪುಟ್, ಆಮೇಲೆ ಔಟ್‌ಪುಟ್, ಆಮೇಲೆ ಸುರುಳಿಗೆ ಹೋಗುವ ಮಿಡಿತ ನೋಡಬೇಕು. ಮಲ್ಟಿಮೀಟರ್ ಸರಾಸರಿಯನ್ನಷ್ಟೇ ತೋರಿಸುತ್ತದೆ. ಮಿಡಿತ ಕಾಣಲು ಆಸಿಲೊಸ್ಕೋಪ್ ಬೇಕು. ಬದಲಾವಣೆಯನ್ನು ನೋಡು ಎನ್ನುವುದು ಇಲ್ಲಿಯೂ ಫ್ಯಾರಡೆಯ ಪಾಠವೇ.

ಮೇಜು ತಿರುಗಿಸಿದ್ದು ಆತ್ಮವೇ?
1853ರಲ್ಲಿ ಲಂಡನ್ನಿನಲ್ಲಿ ಸತ್ತವರ ಆತ್ಮ ಮೇಜು ತಿರುಗಿಸುತ್ತದೆ ಎಂಬ ಹುಚ್ಚು ಹಬ್ಬಿತ್ತು. ಫ್ಯಾರಡೆ ಕೈಗಳ ಕೆಳಗೆ ಸರಳ ಸಾಧನ ಇಟ್ಟು, ಕೂತವರೇ ಅರಿವಿಲ್ಲದೆ ತಳ್ಳುತ್ತಿದ್ದಾರೆ ಎಂದು ತೋರಿಸಿದರು. ಸರ್ ಪದವಿಯನ್ನು ಬೇಡವೆಂದ ಅವರು 1867ರ ಆಗಸ್ಟ್ 25ರಂದು ತೀರಿಕೊಂಡರು.

ನೆನಪಿಡಿ: ಪುಕ್ಕಟೆ ಕರೆಂಟ್ ಯಂತ್ರಕ್ಕೆ ದುಡ್ಡು ಕೊಡುವ ಮುನ್ನ, ವಿಡಿಯೋ ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇದನ್ನು ತಿರುಗಿಸುತ್ತಿರುವುದು ಯಾವುದು? ಉತ್ತರ ಸಿಗದಿದ್ದರೆ ಎಲ್ಲೋ ಒಂದು ಬ್ಯಾಟರಿ ಅಡಗಿದೆ ಎಂದೇ ತಿಳಿಯಿರಿ.