ರೂವಾರಿ ಮಲ್ಲಿತಮ್ಮ: ಕಲ್ಲಿನಲ್ಲಿ ಉಳಿದ ಕಾಯಕ

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಸಮೀಪ ಗೋವಿಂದನಹಳ್ಳಿ ಎಂಬ ಸಣ್ಣ ಗ್ರಾಮವಿದೆ. ಅಲ್ಲಿನ ಪಂಚಲಿಂಗೇಶ್ವರ ದೇವಾಲಯದಲ್ಲಿ ಐದು ಗರ್ಭಗುಡಿಗಳು ಸಾಲಾಗಿ ನಿಂತಿವೆ. ಹೊಯ್ಸಳ ವಾಸ್ತುವಿನಲ್ಲಿ ಇಂತಹ ಪಂಚಕೂಟ ಬಲು ಅಪರೂಪ. ಅಲ್ಲಿನ ದ್ವಾರಪಾಲಕ ಶಿಲ್ಪದಲ್ಲಿ ಒಂದು ಹೆಸರು ಕೆತ್ತಲ್ಪಟ್ಟಿದೆ: ರೂವಾರಿ ಮಲ್ಲಿತಮ್ಮ. ರೂವಾರಿ ಎಂದರೆ ರೂಪವನ್ನು ಕಡೆಯುವವನು, ಶಿಲ್ಪಿ.

ಈ ಮಹಾಶಿಲ್ಪಿಯ ಬದುಕನ್ನು ನಾವು ಅವನು ಕಡೆದ ಕಲ್ಲುಗಳಲ್ಲಿಯೇ ಓದಬೇಕು. ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯ ನಿರ್ಮಾಣವಾಯಿತು. ಅಲ್ಲಿನ ಮಂಟಪದ ಭುವನೇಶ್ವರಿಗಳಲ್ಲಿ ಅವನ ಎಳೆಯ ಕೈ ಆಡಿತೆಂದು ವಿದ್ವಾಂಸರು ಗುರುತಿಸಿದ್ದಾರೆ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜನೊಡನೆ ದುಡಿದನು. ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ ಸೋಮನಾಥ ದಂಡನಾಯಕನು 1258ರಲ್ಲಿ ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಅವನ ಹೆಸರುಳ್ಳ ಮೂರ್ತಿಗಳು ಹಲವಾರು. ಅಮೃತಾಪುರದಿಂದ ಸೋಮನಾಥಪುರದವರೆಗೆ ಆರು ದಶಕಗಳಿಗೂ ಮೀರಿದ ಕಾಯಕವಿದು.

ಇಷ್ಟಲಿಂಗವನ್ನು ಕರಸ್ಥಲದಲ್ಲಿ ಪೂಜಿಸುವ ನಾವು ಸ್ಥಾವರ ದೇವಾಲಯದ ಶಿಲ್ಪಿಯನ್ನು ಏಕೆ ನೆನೆಯಬೇಕೆಂಬ ಪ್ರಶ್ನೆ ಸಹಜ. ಮಲ್ಲಿತಮ್ಮನು ಶರಣನಾಗಿದ್ದನೆಂದು ನಾವು ಹೇಳುತ್ತಿಲ್ಲ. ಅವನ ಉಳಿ ಶಿವಾಲಯದಲ್ಲಿಯೂ ವಿಷ್ಣ್ವಾಲಯದಲ್ಲಿಯೂ ಸಮನಾದ ಶ್ರದ್ಧೆಯಿಂದ ಆಡಿತು. ಆದರೆ ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಬಡಗಿ, ಅಂಬಿಗ, ಮಾದಾರ, ಮಡಿವಾಳರ ದುಡಿಮೆಗೆ ಗೌರವದ ಸ್ಥಾನವಿತ್ತರು. ಗುಡಿಯನ್ನು ಕಟ್ಟಿಸಿದ ದಂಡನಾಯಕನ ಹೆಸರಿನೊಡನೆ ಅದನ್ನು ಕಡೆದ ಕೈಯ ಹೆಸರೂ ಉಳಿಯಬೇಕೆಂಬುದು ಆ ಮಾರ್ಗದವರಾದ ನಮಗೆ ಚೆನ್ನಾಗಿ ಅರ್ಥವಾಗಬೇಕಾದ ಸಂಗತಿ.

ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಸಕಾಲದಲ್ಲಿ ಕಡೆಯಬಲ್ಲವನಿಗೆ ಮಾತ್ರ ಅದು ಒಲಿಯುತ್ತದೆ. ವಿದ್ಯೆಯೂ ಹಾಗೆಯೇ, ಎಳವೆಯಲ್ಲಿ ಕಲಿಸದಿದ್ದರೆ ಕೈಗೆ ದಕ್ಕದು.

ನಾಗಮಂಗಲದಲ್ಲಿ ಲೋಹದ ಮೂರ್ತಿಗಳನ್ನು ಎರಕ ಹೊಯ್ಯುವ ಪರಂಪರೆ ಇದೆ. ಅಂತಹ ಕುಶಲಕರ್ಮಿಗಳ ಮನೆಯ ಮಕ್ಕಳು ತಂದೆಯ ಕಸುಬನ್ನು ಹೇಳಿಕೊಳ್ಳಲು ಸಂಕೋಚಪಡುವ ಕಾಲವಿದು. ಗ್ರಾಹಕನು ಮೂರ್ತಿಯ ಬೆಲೆಯನ್ನು ಕೇಳುತ್ತಾನೆ, ಮಾಡಿದವನ ಹೆಸರನ್ನು ಕೇಳುವುದಿಲ್ಲ. ಗೋವಿಂದನಹಳ್ಳಿಗೆ ಹೋಗುವ ಸದ್ಭಕ್ತರು ಲಿಂಗದರ್ಶನದ ಬಳಿಕ ಒಂದು ಕ್ಷಣ ನಿಂತು ದ್ವಾರಪಾಲಕನತ್ತ ನೋಡಲಿ. ಮನೆಗೆ ಮರಳಿದ ಮೇಲೆ, ನೆರೆಯ ಕುಶಲಕರ್ಮಿಯ ಹೆಸರನ್ನು ಕೇಳಿ ತಿಳಿಯಲಿ. ಮಲ್ಲಿತಮ್ಮನಿಗೆ ನಾವು ಸಲ್ಲಿಸಬಹುದಾದ ಶರಣಾರ್ಥಿ ಅದೇ.