ಇಲ್ಯಾ ಮೆಚ್ನಿಕಾಫ್

ಇಲ್ಯಾ ಇಲ್ಯಿಚ್ ಮೆಚ್ನಿಕಾಫ್ (ಮೇ 1845 – ಜುಲೈ 1916) ರಷ್ಯನ್ ಸಾಮ್ರಾಜ್ಯದಲ್ಲಿ ಜನಿಸಿ ಫ್ರಾನ್ಸಿನಲ್ಲಿ ನೆಲೆಸಿದ ಪ್ರಾಣಿಶಾಸ್ತ್ರಜ್ಞ ಹಾಗೂ ರೋಗನಿರೋಧಶಾಸ್ತ್ರದ ಪ್ರವರ್ತಕರಲ್ಲೊಬ್ಬರು. ದೇಹವನ್ನು ಹೊಕ್ಕ ಸೂಕ್ಷ್ಮಜೀವಿಗಳನ್ನು ನುಂಗಿ ಅರಗಿಸುವ ಭಕ್ಷಕಕೋಶಗಳ ಕುರಿತ ಸಂಶೋಧನೆಗಳು ಅವರ ಹೆಸರನ್ನು ಉಳಿಸಿವೆ. ರೋಗನಿರೋಧಕ ಶಕ್ತಿಯ ಕುರಿತ ಈ ಕಾರ್ಯಕ್ಕಾಗಿ 1908ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಪಾಲ್ ಎರ್ಲಿಕ್ ಅವರೊಂದಿಗೆ ಹಂಚಿಕೊಂಡರು. ಉರಿಯೂತವು ದೇಹದ ರಕ್ಷಣಾ ಕ್ರಿಯೆ ಎಂಬುದನ್ನೂ, ಕರುಳಿನ ಸೂಕ್ಷ್ಮಜೀವಿಗಳಿಗೂ ಮುಪ್ಪಿಗೂ ಸಂಬಂಧವಿದೆ ಎಂಬುದನ್ನೂ ಪ್ರತಿಪಾದಿಸಿದರು. ಇವುಗಳಲ್ಲಿ ಮೊದಲನೆಯದು ಅವರ ಜೀವಿತಾವಧಿಯಲ್ಲೇ ಮನ್ನಣೆ ಪಡೆಯಿತು. ಎರಡನೆಯದು ದೀರ್ಘಕಾಲ ಕಡೆಗಣಿಸಲ್ಪಟ್ಟಿತ್ತು.

ಜನನ ಮತ್ತು ಶಿಕ್ಷಣ

ಮೆಚ್ನಿಕಾಫ್ ಅವರು ಇಂದಿನ ಉಕ್ರೇನಿನ ಖಾರ್ಕಿವ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಜನಿಸಿದರು. ತಂದೆ ಚಕ್ರವರ್ತಿಯ ಅಂಗರಕ್ಷಕ ಪಡೆಯ ಅಧಿಕಾರಿ. ತಾಯಿ ಯಹೂದಿ ಮೂಲದವರು. ಐವರು ಮಕ್ಕಳಲ್ಲಿ ಇವರೇ ಕಿರಿಯರು. ಖಾರ್ಕಿವ್ ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳ ಪದವಿಯನ್ನು ಎರಡೇ ವರ್ಷಗಳಲ್ಲಿ ಮುಗಿಸಿ, ಹೆಚ್ಚಿನ ಅಧ್ಯಯನಕ್ಕಾಗಿ ಜರ್ಮನಿಗೂ ಇಟಲಿಗೂ ತೆರಳಿದರು. 1865ರಲ್ಲಿ ಗೀಸೆನ್ ನಗರದಲ್ಲಿದ್ದಾಗ, ಚಪ್ಪಟೆ ಹುಳುವೊಂದರಲ್ಲಿ ಆಹಾರವು ಕರುಳಿನ ಕೋಶಗಳ ಒಳಗೇ ಜೀರ್ಣವಾಗುವುದನ್ನು ಗಮನಿಸಿದರು. ಆಗ ಅದು ಪ್ರಾಣಿಶಾಸ್ತ್ರದ ಸಣ್ಣ ಸಂಗತಿಯಾಗಿಯೇ ಕಂಡಿತು. ಮುಂದಿನ ಸಂಶೋಧನೆಯ ಬೀಜ ಮಾತ್ರ ಅದರಲ್ಲಿಯೇ ಇತ್ತು.

ಅವರ ವೈಯಕ್ತಿಕ ಬದುಕು ಸುಖಮಯವಾಗಿರಲಿಲ್ಲ. ಮೊದಲ ಪತ್ನಿ ಲುಡ್ಮಿಲಾ ಕ್ಷಯರೋಗದಿಂದ ಎಷ್ಟು ಬಳಲಿದ್ದರೆಂದರೆ, ವಿವಾಹದ ಸಮಯದಲ್ಲಿ ಅವರನ್ನು ಕುರ್ಚಿಯಲ್ಲಿ ಹೊತ್ತು ತರಬೇಕಾಯಿತು. 1873ರಲ್ಲಿ ಆಕೆ ಮಡೀರಾ ದ್ವೀಪದಲ್ಲಿ ನಿಧನರಾದ ಬಳಿಕ ಮೆಚ್ನಿಕಾಫ್ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದರು. 1875ರಲ್ಲಿ ಓಲ್ಗಾ ಬೆಲೊಕೊಪಿಟೋವಾ ಅವರನ್ನು ವಿವಾಹವಾದರು. ಮುಂದೆ ಪತಿಯ ಜೀವನಚರಿತ್ರೆಯನ್ನು ಬರೆದವರು ಈಕೆಯೇ.

ಭಕ್ಷಕಕೋಶಗಳ ಶೋಧ

ಒಡೆಸ್ಸಾ ವಿಶ್ವವಿದ್ಯಾನಿಲಯದಲ್ಲಿ ರಾಜಕೀಯ ಒತ್ತಡ ಹೆಚ್ಚಿದಾಗ 1882ರಲ್ಲಿ ಹುದ್ದೆ ತ್ಯಜಿಸಿ, ಸಿಸಿಲಿಯ ಮೆಸ್ಸಿನಾ ನಗರದಲ್ಲಿ ಖಾಸಗಿ ಪ್ರಯೋಗಾಲಯವನ್ನು ಹೂಡಿದರು. ಅಲ್ಲಿ ನಕ್ಷತ್ರಮೀನಿನ ಪಾರದರ್ಶಕ ಲಾರ್ವಾಗಳಿಗೆ ಸಣ್ಣ ಮುಳ್ಳುಗಳನ್ನು ಚುಚ್ಚಿ ರಾತ್ರಿ ಕಳೆಯಲು ಬಿಟ್ಟರು. ಬೆಳಗಾಗುವಷ್ಟರಲ್ಲಿ ಚಲಿಸುವ ಕೋಶಗಳು ಮುಳ್ಳಿನ ಸುತ್ತ ಗುಂಪುಗೂಡಿದ್ದವು. ಲಾರ್ವಾಕ್ಕೆ ರಕ್ತನಾಳಗಳಿಲ್ಲ. ಆದುದರಿಂದ ಉರಿಯೂತವು ಮೂಲತಃ ರಕ್ತನಾಳಗಳ ಹಾನಿ ಎಂಬ ಅಂದಿನ ವಿವರಣೆ ಇಲ್ಲಿ ಹೊಂದುತ್ತಿರಲಿಲ್ಲ. ಕೋಶಗಳು ತಾವಾಗಿಯೇ ಪರಕೀಯ ವಸ್ತುವಿನತ್ತ ಸಾಗುತ್ತವೆ ಎಂಬ ತೀರ್ಮಾನಕ್ಕೆ ಮೆಚ್ನಿಕಾಫ್ ಬಂದರು. ಈ ಕೋಶಗಳಿಗೆ ಗ್ರೀಕ್ ಮೂಲದ ಫ್ಯಾಗೊಸೈಟ್ ಎಂಬ ಹೆಸರನ್ನು ಸೂಚಿಸಿದವರು ವಿಯೆನ್ನಾದ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಕ್ಲಾಸ್.

1884ರಲ್ಲಿ ಪ್ರಕಟವಾದ ಡ್ಯಾಫ್ನಿಯಾ ಕುರಿತ ಅಧ್ಯಯನವು ಇನ್ನಷ್ಟು ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸಿತು. ಸಿಹಿನೀರಿನ ಈ ಪುಟ್ಟ ಸಂಧಿಪದಿ ಒಂದು ಬಗೆಯ ಶಿಲೀಂಧ್ರದ ಸೂಜಿಯಂತಹ ಬೀಜಕಗಳನ್ನು ಆಹಾರದೊಂದಿಗೆ ನುಂಗುತ್ತದೆ. ಬೀಜಕಗಳು ಕರುಳಿನ ಗೋಡೆಯನ್ನು ಚುಚ್ಚಿ ದೇಹದ ಒಳಾವರಣಕ್ಕೆ ಇಳಿಯುತ್ತವೆ. ಅಲ್ಲಿ ಭಕ್ಷಕಕೋಶಗಳು ಅವನ್ನು ನುಂಗಿದರೆ ಪ್ರಾಣಿ ಉಳಿಯುತ್ತದೆ. ಶಿಲೀಂಧ್ರವೇ ಮೇಲುಗೈ ಪಡೆದರೆ ಸಾಯುತ್ತದೆ. ಕರುಳಿನ ಗೋಡೆ ಮುರಿದ ಕಡೆಯಲ್ಲೇ ರಕ್ಷಣೆಯ ಕದನ ಆರಂಭವಾಗುತ್ತದೆ ಎಂಬುದು ಇದರಿಂದ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣುವಂತಾಯಿತು.

ಪ್ಯಾರಿಸ್ ಮತ್ತು ಉರಿಯೂತದ ವಿವಾದ

ಒಡೆಸ್ಸಾದ ಬ್ಯಾಕ್ಟೀರಿಯಾ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದಾಗ, ವೈದ್ಯರಲ್ಲದ ಇವರನ್ನು ಸ್ಥಳೀಯ ವೈದ್ಯರು ವಿರೋಧಿಸಿದರು. 1888ರಲ್ಲಿ ಲೂಯಿ ಪಾಶ್ಚರ್ ಪ್ಯಾರಿಸ್ಸಿನ ತಮ್ಮ ಸಂಸ್ಥೆಯಲ್ಲಿ ಸ್ಥಾನ ನೀಡಿದರು. ಮೆಚ್ನಿಕಾಫ್ ಕೊನೆಯವರೆಗೂ ಅಲ್ಲಿಯೇ ಉಳಿದರು. ಒಡೆಸ್ಸಾದಲ್ಲಿ ಇವರ ವಿದ್ಯಾರ್ಥಿಯಾಗಿದ್ದ ವಾಲ್ಡೆಮಾರ್ ಹಾಫ್ಕಿನ್ ಕೂಡ ಇದೇ ಸಂಸ್ಥೆಯನ್ನು ಸೇರಿ, 1893ರಲ್ಲಿ ಕಾಲರಾ ಲಸಿಕೆಯೊಂದಿಗೆ ಭಾರತಕ್ಕೆ ಬಂದರು. ಮುಂಬಯಿಯ ಹಾಫ್ಕಿನ್ ಸಂಸ್ಥೆಗೆ ಅವರದೇ ಹೆಸರಿದೆ.

1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ರಕ್ತದ ಸೀರಂನಲ್ಲಿ ವಿಷನಿವಾರಕ ಗುಣವನ್ನು ತೋರಿಸಿದ ಮೇಲೆ, ರೋಗನಿರೋಧಕ ಶಕ್ತಿ ಇರುವುದು ದ್ರವದಲ್ಲೇ ಹೊರತು ಕೋಶಗಳಲ್ಲಲ್ಲ ಎಂಬ ವಾದ ಬಲಗೊಂಡಿತು. ಇದಕ್ಕೆ ಉತ್ತರವಾಗಿ ಮೆಚ್ನಿಕಾಫ್ 1891ರಲ್ಲಿ ನೀಡಿದ ಉಪನ್ಯಾಸಗಳು ಮರುವರ್ಷ ಉರಿಯೂತದ ತೌಲನಿಕ ರೋಗಶಾಸ್ತ್ರದ ಗ್ರಂಥವಾಗಿ ಹೊರಬಂದವು. ಪ್ರತಿಕಾಯಗಳು ಸೂಕ್ಷ್ಮಜೀವಿಗೆ ಅಂಟಿಕೊಂಡು ಭಕ್ಷಕಕೋಶಗಳ ಕೆಲಸವನ್ನು ಸುಗಮಗೊಳಿಸುತ್ತವೆ ಎಂಬುದು ಮುಂದೆ ತಿಳಿದುಬಂತು. ಎರಡೂ ಪಕ್ಷಗಳು ಅರ್ಧ ಸತ್ಯವನ್ನು ಹೇಳುತ್ತಿದ್ದವು. ಎರ್ಲಿಕ್ ದ್ರವಪಕ್ಷದವರಾಗಿದ್ದುದರಿಂದ 1908ರ ಜಂಟಿ ಪ್ರಶಸ್ತಿಯನ್ನು ಒಂದು ಬಗೆಯ ರಾಜಿಯೆಂದೂ ಭಾವಿಸಬಹುದು.

ಕರುಳಿನತ್ತ ಗಮನ

1892ರಲ್ಲಿ ಫ್ರಾನ್ಸಿನಲ್ಲಿ ಕಾಲರಾ ಹಬ್ಬಿದಾಗ ಮೆಚ್ನಿಕಾಫ್ ಕಾಲರಾ ಬ್ಯಾಕ್ಟೀರಿಯಾಗಳನ್ನು ತಾವೇ ಕುಡಿದರು. ಅವರಿಗೆ ಏನೂ ಆಗಲಿಲ್ಲ. ಸ್ವಯಂಪ್ರೇರಿತರಾಗಿ ಕುಡಿದ ಇಬ್ಬರಲ್ಲಿ ಒಬ್ಬರು ಮಾತ್ರ ಸಾವಿನ ಅಂಚಿಗೆ ತಲುಪಿದರು. ಇಂದು ಇಂತಹ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿಯೂ ಕಟ್ಟುನಿಟ್ಟಾದ ಮೇಲ್ವಿಚಾರಣೆಯೂ ಬೇಕು. ಒಂದೇ ರೋಗಾಣು ಒಬ್ಬರಲ್ಲಿ ನಿಷ್ಫಲವಾಗಿ ಮತ್ತೊಬ್ಬರಲ್ಲಿ ಮಾರಕವಾಗಲು, ಕರುಳಿನಲ್ಲಿ ಮೊದಲೇ ನೆಲೆಸಿರುವ ಇತರ ಸೂಕ್ಷ್ಮಜೀವಿಗಳು ಕಾರಣವಿರಬೇಕೆಂದು ಅವರು ಊಹಿಸಿದರು. ಕೆಲವು ಬ್ಯಾಕ್ಟೀರಿಯಾಗಳು ಕಾಲರಾ ರೋಗಾಣುವಿನ ಬೆಳವಣಿಗೆಗೆ ನೆರವಾಗುವುದನ್ನೂ, ಕೆಲವು ಅದನ್ನು ತಡೆಯುವುದನ್ನೂ ಪ್ರಯೋಗಾಲಯದಲ್ಲಿ ಕಂಡರು.

ಇಲ್ಲಿಂದ ಮುಂದೆ ಅವರ ಚಿಂತನೆ ಮುಪ್ಪಿನತ್ತ ಹೊರಳಿತು. ವೃದ್ಧಾಪ್ಯದ ಅಧ್ಯಯನಕ್ಕೆ 1903ರಲ್ಲಿ ಜೆರೊಂಟಾಲಜಿ ಎಂಬ ಹೆಸರಿಟ್ಟವರೂ ಇವರೇ. ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ಉತ್ಪಾದಿಸುವ ಫೀನಾಲ್, ಇಂಡೋಲ್ ಮೊದಲಾದ ವಸ್ತುಗಳು ಕರುಳಿನ ಗೋಡೆಯ ಮೂಲಕ ರಕ್ತವನ್ನು ಸೇರಿ ಅಂಗಾಂಶಗಳನ್ನು ದುರ್ಬಲಗೊಳಿಸುತ್ತವೆ, ಆಗ ರಕ್ಷಿಸಬೇಕಾದ ಭಕ್ಷಕಕೋಶಗಳೇ ದೇಹದ ಸ್ವಂತ ಕೋಶಗಳನ್ನು ನುಂಗತೊಡಗುತ್ತವೆ ಎಂಬುದು ಅವರ ಸಿದ್ಧಾಂತ. ಲ್ಯಾಕ್ಟಿಕ್ ಆಮ್ಲವು ಕೊಳೆತವನ್ನು ತಡೆಯುವುದರಿಂದ ಹುಳಿಹಾಲನ್ನು ಪರಿಹಾರವಾಗಿ ಸೂಚಿಸಿ, ತಾವೂ ನಿತ್ಯ ಸೇವಿಸಿದರು. ಬಲ್ಗೇರಿಯಾದ ದೀರ್ಘಾಯುಷಿ ರೈತರನ್ನು ಉದಾಹರಿಸಿದರು. ಅಲ್ಲಿನ ಮೊಸರಿನ ಬ್ಯಾಕ್ಟೀರಿಯಾವನ್ನು 1905ರಲ್ಲಿ ಗುರುತಿಸಿದ್ದವರು ಸ್ಟಾಮೆನ್ ಗ್ರಿಗೊರಾಫ್. ಯುರೋಪಿನಲ್ಲಿ ಮೊಸರಿಗೆ ಹಠಾತ್ತಾಗಿ ಬೇಡಿಕೆ ಹೆಚ್ಚಿತು.

ಕೊನೆಯ ದಿನಗಳು

1909ರಲ್ಲಿ ರಷ್ಯಾಕ್ಕೆ ಭೇಟಿ ನೀಡಿದಾಗ ಯಾಸ್ನಾಯಾ ಪೊಲ್ಯಾನಾದಲ್ಲಿ ಲಿಯೊ ಟಾಲ್‌ಸ್ಟಾಯ್ ಅವರನ್ನು ಕಂಡರು. ಮೊದಲನೆಯ ಮಹಾಯುದ್ಧವು ಪ್ರಯೋಗಾಲಯದ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿತು. ಹೃದ್ರೋಗದಿಂದ ಬಳಲಿ 71ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು. ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.

ಸಿದ್ಧಾಂತದ ಮರುಪರಿಶೀಲನೆ

ಕರುಳಿನ ವಿಷಗಳ ಸಿದ್ಧಾಂತವನ್ನು ಅದರ ಮೂಲರೂಪದಲ್ಲಿ ವಿಜ್ಞಾನವು ಕೈಬಿಟ್ಟಿದೆ. ಬಲ್ಗೇರಿಯಾದ ಬ್ಯಾಕ್ಟೀರಿಯಾ ಮಾನವನ ಕರುಳಿನಲ್ಲಿ ನೆಲೆಯೂರುವುದಿಲ್ಲ ಎಂದು 1920ರ ದಶಕದ ಹೊತ್ತಿಗೆ ತಿಳಿಯಿತು. ದೊಡ್ಡ ಕರುಳು ಬಹುಪಾಲು ನಿರುಪಯುಕ್ತ ಎಂಬ ಮೆಚ್ನಿಕಾಫರ ನಿಲುವೂ ತಪ್ಪು. ಅಲ್ಲಿನ ಬ್ಯಾಕ್ಟೀರಿಯಾಗಳು ನಾರಿನಂಶವನ್ನು ಹುದುಗಿಸಿ ತಯಾರಿಸುವ ಬ್ಯುಟಿರೇಟ್, ಒಳಪದರದ ಕೋಶಗಳ ಮುಖ್ಯ ಇಂಧನವಾಗಿದೆ. ಉರಿಯೂತವನ್ನು ಹತೋಟಿಯಲ್ಲಿಡುವ ಟಿ ಕೋಶಗಳ ಬೆಳವಣಿಗೆಗೂ ಅದು ನೆರವಾಗುತ್ತದೆ.

ಆದರೆ ಅವರು ಕೇಳಿದ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಕರುಳಿನ ಒಳಪದರವು ಒಂದೇ ಕೋಶದಷ್ಟು ದಪ್ಪ. ಕೋಶಗಳ ನಡುವಿನ ಬಿಗಿ ಸಂಧಿಗಳು, ಮೇಲಿನ ಲೋಳೆ ಮತ್ತು ಅದರೊಳಕ್ಕೆ ಸ್ರವಿಸುವ ಐಜಿಎ ಪ್ರತಿಕಾಯಗಳು ಸೂಕ್ಷ್ಮಜೀವಿಗಳನ್ನು ದೂರವಿರಿಸುತ್ತವೆ. ಈ ತಡೆ ಸಡಿಲಗೊಂಡಾಗ ಬ್ಯಾಕ್ಟೀರಿಯಾದ ಅಂಶಗಳು ಒಳನುಸುಳಿ ಉರಿಯೂತಕ್ಕೆ ಕಾರಣವಾಗಬಲ್ಲವು. ವಯಸ್ಸಾದ ಇಲಿಗಳಲ್ಲಿ ಇದನ್ನು ಗಮನಿಸಲಾಗಿದೆ. ಒಳಪದರದ ಕೆಳಗೆ ಬೀಡುಬಿಟ್ಟಿರುವ ಮ್ಯಾಕ್ರೊಫೇಜ್‌ಗಳು, ಅಂದರೆ ಮೆಚ್ನಿಕಾಫರೇ ಹೆಸರಿಸಿದ ದೊಡ್ಡ ಭಕ್ಷಕಕೋಶಗಳು, ಒಳನುಸುಳಿದ ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಆರೋಗ್ಯವಂತ ಕರುಳಿನಲ್ಲಿ ಅವು ಈ ಕೆಲಸವನ್ನು ಉರಿಯೂತ ಎಬ್ಬಿಸದೆಯೇ ಮುಗಿಸುತ್ತವೆ.